ಹಳೆಯ ಸೂಜಿಗೆ ಹೊಸ ಸೂಜಿ

ಶಿವಗಂಗೆ ಬೆಟ್ಟದ ತಪ್ಪಲಿನವರಾದ ನಮಗೆ ಇಂಜೆಕ್ಷನ್ ಎಂದರೆ ಇಂದಿಗೂ ನೆನಪಾಗುವುದು ಕಾಂಪೌಂಡರ ಸ್ಪಿರಿಟ್ ಸ್ಟೌವ್. ಡಬ್ಬಿಯಲ್ಲಿ ಗಾಜಿನ ಸಿರಿಂಜು ಕುದಿಯುತ್ತಿತ್ತು. ಜಾತ್ರೆಗೆ ಬಂದ ಅಜ್ಜಿಗೂ, ಜ್ವರದ ಕೂಸಿಗೂ ಅದೇ ಸೂಜಿ. ನಡುವೆ ಇದ್ದ ರಕ್ಷೆ ಆ ಬಿಸಿನೀರೊಂದೇ. ಅದೂ ಇಲ್ಲದೆ ಸೂಜಿ ಕೈಯಿಂದ ಕೈಗೆ ದಾಟಿದಲ್ಲಿ ಏನಾಯಿತೆಂಬುದು ನಮ್ಮ ಮನೆಗಳಲ್ಲಿ ಯಾರೂ ಆಡದ ಮಾತು.

ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಗೆ ಬರುತ್ತಿದ್ದಳಲ್ಲ, ಹಾಗೆಯೇ ಬಳಸಿದ ಸೂಜಿ ಪಡೆದು ಹೊಸದು ಕೊಡುವ ಕ್ರಮ 1984ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಶುರುವಾಯಿತು. ಊರ ನಡುವಿನ ಔಷಧಿ ಅಂಗಡಿಯೊಂದು ವ್ಯಸನಿಗಳಿಗೆ ಸಿರಿಂಜು ಮಾರುವುದನ್ನು ನಿಲ್ಲಿಸಿತು. ಕಾಮಾಲೆ ಹರಡೀತೆಂದು ಹೆದರಿದವರು ವ್ಯಸನಿಗಳೇ. ಅವರದೇ ಒಂದು ಸಂಘವಿತ್ತು. ನಗರದ ಆರೋಗ್ಯ ಇಲಾಖೆ ಸೂಜಿ ಒದಗಿಸಿತು, ಸಂಘದವರು ಹಂಚಿದರು.

ನಮ್ಮ ದೇಶದಲ್ಲಿ ಈ ಪೆಟ್ಟು ಮೊದಲು ಬಿದ್ದದ್ದು ಮಣಿಪುರಕ್ಕೆ. ಬರ್ಮಾ ಗಡಿಯ ಮೋರೆ ಪಟ್ಟಣದ ಮೂಲಕ ಹೆರಾಯಿನ್ ಸಲೀಸಾಗಿ ಬರುತ್ತಿತ್ತು. ಸಿರಿಂಜು ಇಟ್ಟುಕೊಂಡರೆ ಪೊಲೀಸರ ಭಯ. ಹಾಗಾಗಿ ನಾಲ್ಕಾರು ಹುಡುಗರಿಗೆ ಒಂದೇ ಸೂಜಿ. 1990ರ ಆರಂಭದಲ್ಲಿ ಎಚ್‌ಐವಿ ಪತ್ತೆಯಾಯಿತು. ಕೆಲವೇ ತಿಂಗಳಲ್ಲಿ ಪರೀಕ್ಷೆಗೊಳಗಾದ ಇಂಥವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಸೋಂಕು ಕಂಡಿತು. ಅವರಿಂದ ಅದು ಹೆಂಡತಿಯರಿಗೆ ದಾಟಿತು. ಸೂಜಿಯನ್ನೇ ಮುಟ್ಟದ ಹೆಣ್ಣುಮಕ್ಕಳು!

ಅಲ್ಲಿನ ತಾಯಂದಿರು ಸುಮ್ಮನೆ ಕೂರುವವರಲ್ಲ. 1970ರ ದಶಕದಲ್ಲಿಯೇ 'ನಿಶಾ ಬಂದಿ' ಎಂದು ಕುಡಿತದ ವಿರುದ್ಧ ಬೀದಿಗಿಳಿದವರು, ಮುಂದೆ ಪಂಜು ಹಿಡಿದ 'ಮೈರಾ ಪೈಬಿ'ಗಳಾದವರು. ವ್ಯಸನಿ ಹುಡುಗರನ್ನೂ ಅವರು ಹಿಡಿದು ದಂಡಿಸಿದ್ದುಂಟು. ಮಗ ಹಾಳಾಗುತ್ತಿರುವಾಗ ಯಾವ ತಾಯಿಗೆ ಸಿಟ್ಟು ಬರದು? ಆದರೆ ಸಿಟ್ಟಿಗೆ ಹೆದರಿದ ಹುಡುಗ ಚಟ ಬಿಡಲಿಲ್ಲ. ಇನ್ನಷ್ಟು ಕತ್ತಲಿಗೆ ಹೋದ, ಕೈಗೆ ಸಿಕ್ಕ ಸೂಜಿಯನ್ನೇ ಚುಚ್ಚಿಕೊಂಡ.

1991ರಲ್ಲಿ ಇಂಫಾಲದಲ್ಲಿ ಚಟದಿಂದ ಹೊರಬಂದವರೇ ಸೇರಿ 'ಸಾಸೊ' ಎಂಬ ಸಂಸ್ಥೆ ಕಟ್ಟಿದರು. ಹುಡುಗರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಮೈನಡುಕ ಬರುತ್ತದೆ ಎಂಬುದೆಲ್ಲ ಇವರಿಗೆ ಗೊತ್ತು. ಬಿಳಿಕೋಟಿನವರಿಗೆ ತೋರಿಸದ ಕೀವುಗಟ್ಟಿದ ತೋಳನ್ನು ಹುಡುಗರು ಇವರಿಗೆ ತೋರಿಸಿದರು. ಗಾಯ ತೊಳೆಯುವುದು, ಹೊಸ ಸೂಜಿ ಕೊಟ್ಟು ಹಳೆಯದನ್ನು ಪಡೆಯುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು ಇಂಥ ಗೆಳೆಯರ ಕೆಲಸ. 'ಚಟಕ್ಕೆ ಕುಮ್ಮಕ್ಕು' ಎಂಬ ಆಕ್ಷೇಪ ಎಲ್ಲ ಕಡೆಯಂತೆ ಅಲ್ಲಿಯೂ ಬಂತು. ಆದರೂ 1996ರಲ್ಲಿ ಮಣಿಪುರ ಸರ್ಕಾರ ತನ್ನ ಏಡ್ಸ್ ನೀತಿಯಲ್ಲಿ ಈ ದಾರಿಯನ್ನು ಒಪ್ಪಿಕೊಂಡಿತು. ದೆಹಲಿ ಇದನ್ನು ದೇಶದ ಕಾರ್ಯಕ್ರಮವಾಗಿ ವಿಸ್ತರಿಸಿದ್ದು 2007ರ ನಂತರ. ಹತ್ತು ವರ್ಷ ತಡ ಎಂದೇ ನನಗೆ ತೋರುತ್ತದೆ.

ನಮ್ಮ ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಹೆಚ್ಚಾಗಿ ಬೇರೆ ದಾರಿಯಲ್ಲಿ. ಆದರೆ ಇಲ್ಲಿಯೂ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರು 'ಆಶೋದಯ ಸಮಿತಿ' ಕಟ್ಟಿಕೊಂಡು, ತಮ್ಮವರನ್ನು ತಾವೇ ಕ್ಲಿನಿಕ್ಕಿಗೆ ಕರೆದೊಯ್ದರು. ಕಾಂಡೋಮ್ ಹಂಚುವಾಗ ಅವರೂ ಕೇಳಿಸಿಕೊಂಡದ್ದು 'ಕುಮ್ಮಕ್ಕು' ಎಂಬ ಅದೇ ಮಾತನ್ನು.