ವಚನಗಳ ಓದಿಗೆ ಯಂತ್ರದ ನೆರವು



ತಮಗೆ ಒಪ್ಪುವ ನಾಲ್ಕಾರು ವಚನಗಳನ್ನು ಆರಿಸಿಕೊಂಡು, ಶರಣರ ಮತವು ಇದೇ ಎಂದು ಸಾಧಿಸುವ ಪರಿಪಾಠ ನಮ್ಮಲ್ಲಿ ಬಹುಕಾಲದಿಂದ ಇದೆ. ಭಕ್ತನು ಭಕ್ತಿಯ ವಚನಗಳನ್ನೂ ಸುಧಾರಕನು ಕುಲಖಂಡನೆಯ ವಚನಗಳನ್ನೂ ಆಯುತ್ತಾನೆ. ಉಳಿದವು ಕಣ್ಣಿಗೆ ಬೀಳುವುದಿಲ್ಲ. ಈ ದೋಷವನ್ನು ಗಣಕಯಂತ್ರವು ಪರಿಹರಿಸೀತೇ ಎಂಬುದು ವಿಚಾರಾರ್ಹ.

ಹಿಂದಿನ ಸ್ಥಿತಿಯನ್ನು ನೆನೆಯಿರಿ. ಡಾ. ಫ.ಗು. ಹಳಕಟ್ಟಿಯವರು ಮನೆಮಠಗಳಲ್ಲಿದ್ದ ತಾಡವೋಲೆಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಇಡೀ ವಚನರಾಶಿಯನ್ನು ಒಟ್ಟಿಗೆ ನೋಡುವ ಸೌಕರ್ಯ ಆಗ ಯಾರಿಗೂ ಇರಲಿಲ್ಲ. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವು 15 ಸಂಪುಟಗಳಾಗಿ ಪ್ರಕಟವಾಯಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಮುಂದೆ ಗಣಕವನ್ನೂ ಸೇರಿದವು. ಇಂದು ‘ವಚನ ಸಂಚಯ’ದಲ್ಲಿ ಒಂದು ಪದವನ್ನು ಅರಸಿದರೆ, ಅದು ಬರುವ ವಚನಗಳು ಸಾಲಾಗಿ ಎದುರಿಗೆ ನಿಲ್ಲುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗಾಗಿ ಕಿಟೆಲ್ ಅವರು ವರ್ಷಗಟ್ಟಲೆ ಕೈಯಿಂದಲೇ ಪದಪ್ರಯೋಗಗಳನ್ನು ಕೂಡಿಸಿದ್ದರು. ಅದೇ ಮಂಗಳೂರಿನ ಕಾಟಿಪಳ್ಳದಲ್ಲಿ ಕುಳಿತ ಭಕ್ತನು ಈಗ ವಚನಗಳಲ್ಲಿ ಅಂತಹ ಶೋಧವನ್ನು ಕ್ಷಣಮಾತ್ರದಲ್ಲಿ ಮಾಡಬಲ್ಲನು.

ಪದವನ್ನು ಎಣಿಸುವ ಯಂತ್ರಕ್ಕೆ ಇಷ್ಟಾನಿಷ್ಟಗಳಿಲ್ಲ. ನಾವು ಮರೆಯಬಯಸುವ ವಚನವನ್ನೂ ಅದು ತಂದು ಮುಂದಿಡುತ್ತದೆ. ಇದು ದೊಡ್ಡ ಉಪಕಾರವೇ ಸರಿ.

ಆದರೆ ಎಣಿಕೆಯೇ ನಿರ್ಣಯವಲ್ಲ. ವಚನ ಮತ್ತು ಜಾತಿಯನ್ನು ಕುರಿತು 2013ರಲ್ಲಿ ‘ಪ್ರಜಾವಾಣಿ’ಯಲ್ಲಿ ಚರ್ಚೆ ನಡೆದುದು ನಿಮಗೆ ನೆನಪಿರಬಹುದು. ಜಾತಿಯನ್ನು ಪ್ರಸ್ತಾಪಿಸುವ ವಚನಗಳು ಎಷ್ಟು ಎಂಬ ಲೆಕ್ಕವೂ ಇಂತಹ ವಾದಗಳಲ್ಲಿ ಬರುತ್ತದೆ. ಈಗ ಒಂದು ಉದಾಹರಣೆಯನ್ನು ನೋಡಿ: ಬಸವಣ್ಣನವರು ತಮ್ಮನ್ನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನೆಂದು ಸಾರುವ ವಚನದಲ್ಲಿ ‘ಜಾತಿ’ ಎಂಬ ಪದವೂ ಇಲ್ಲ, ‘ಕುಲ’ ಎಂಬ ಪದವೂ ಇಲ್ಲ. ಆ ಪದಗಳನ್ನಷ್ಟೇ ಅರಸುವ ಯಂತ್ರವು ಆ ವಚನವನ್ನು ದಾಟಿ ಮುಂದೆ ಹೋಗುತ್ತದೆ. ಕುಲಾಭಿಮಾನಕ್ಕೆ ಅದಕ್ಕಿಂತ ಕಠಿಣವಾದ ಪೆಟ್ಟು ಬೇರೊಂದುಂಟೇ? ಇಲ್ಲಿ ತಪ್ಪು ಯಂತ್ರದ್ದಲ್ಲ, ಪ್ರಶ್ನೆ ಕೇಳಿದವನದು.

ಅರ್ಥವನ್ನೂ ಗ್ರಹಿಸಬಲ್ಲವೆನ್ನುವ ಹೊಸ ಯಂತ್ರಗಳು ಈಗ ಬಂದಿವೆ. ಅವು ಕಲಿತುದು ಮನುಷ್ಯರ ಬರಹದಿಂದಲೇ. ಆದುದರಿಂದ ನಮ್ಮ ಪಕ್ಷಪಾತವು ಅವಕ್ಕೂ ಅಂಟದಿರದು. ಗಣಕವು ತುಂಬಿಕೊಂಡಿರುವ ಪಾಠವೂ ಲಿಪಿಕಾರರ, ಸಂಪಾದಕರ ಕೈದಾಟಿ ಬಂದುದೇ ಆಗಿದೆ.

ಆದಕಾರಣ, ವಾಚಕರೇ, ಯಂತ್ರದಿಂದ ಸಮಗ್ರತೆಯನ್ನು ಪಡೆಯೋಣ. ವಿವೇಕವನ್ನು ನಾವೇ ಉಳಿಸಿಕೊಳ್ಳೋಣ. ಮುಂದಿನ ಬಾರಿ ಒಂದು ವಚನವನ್ನು ಪ್ರಮಾಣವಾಗಿ ಎತ್ತಿ ಹೇಳುವ ಮುನ್ನ, ಅದೇ ಶರಣರು ಬೇರೆಡೆ ಏನೆಂದಿದ್ದಾರೆಂದು ಹುಡುಕಿ ಓದಿರಿ. ನಮ್ಮ ಮತಕ್ಕೆ ಎದುರಾದ ವಚನ ಸಿಕ್ಕಿದರೆ ಅದನ್ನು ಬದಿಗೆ ಸರಿಸದಿರುವುದೇ ನಿಜವಾದ ವಚನಾಧ್ಯಯನ.