ಇನ್ನೂರ ನಾಲ್ಕು ಕತ್ತೆಗಳ ಉಯಿಲು

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಹೇಳಿರುವರೆಂಬುದು ಧರ್ಮಬಂಧುಗಳಿಗೆ ತಿಳಿದ ವಿಷಯವೇ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಯಾಗಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಇವೇ ಆ ಐದು. ಇವುಗಳನ್ನು ನಿದಾನವಾಗಿ ಓದಿದರೆ, ಇವು ಬೇಟೆಗಾರನನ್ನಾಗಲಿ ಕಟುಕನನ್ನಾಗಲಿ ಕುರಿತು ಹೇಳಿದವಲ್ಲ, ಮನೆಯಲ್ಲಿ ಪ್ರಾಣಿಯನ್ನು ಸಾಕಿ ಅದರಿಂದ ದುಡಿಸಿಕೊಳ್ಳುವ ಗೃಹಸ್ಥನನ್ನು ಕುರಿತವು ಎಂಬುದು ಸ್ಪಷ್ಟವಾಗುತ್ತದೆ. ಅದರಲ್ಲಿಯೂ ನಾಲ್ಕನೆಯ ಅತಿಚಾರವು ನೇರವಾಗಿ ನಮ್ಮಂಥ ವರ್ತಕರಿಗೇ ಸಂಬಂಧಿಸಿದ್ದು. ಭಾರ ಹೇರುವವನು ಸರಕುಳ್ಳವನೇ ಅಲ್ಲವೇ?

ಕನ್ನಡನಾಡಿನ ವ್ಯಾಪಾರವು ಕತ್ತೆಯ ಬೆನ್ನಿಗೆ ಬಹಳ ಋಣಿಯಾಗಿದೆ. ಅಯ್ಯಾವೊಳೆಯ ಐನೂರ್ವರನ್ನು ಕೊಂಡಾಡುವ ಶಾಸನಗಳಲ್ಲಿ ಅವರ ಸರಕು ಹೊರುವ ಕತ್ತೆ ಕೋಣಗಳ ಮಾತು ಬರುತ್ತದೆ. ಆದರೂ ಕತ್ತೆಗೆ ನಮ್ಮಲ್ಲಿ ಯಾವ ಗೌರವವೂ ಸಲ್ಲಲಿಲ್ಲ. ಎತ್ತಿಗೆ ಕಾರಹುಣ್ಣಿಮೆಯುಂಟು, ಕತ್ತೆಗೆ ಒಂದು ಹಬ್ಬವೂ ಇಲ್ಲ. ತೀರ್ಥಂಕರರ ಲಾಂಛನಗಳಲ್ಲಿ ಎಮ್ಮೆಯ ಜಾತಿಗೂ ಹಂದಿಗೂ ಎಡೆ ದೊರೆತಿದೆ, ಕತ್ತೆಗೆ ದೊರೆತಿಲ್ಲ. ಅದರ ಹೆಸರು ನಮ್ಮ ಬಾಯಲ್ಲಿ ಬರುವುದು ಬೈಗುಳವಾಗಿ ಮಾತ್ರ. ಹೀಗೆ ಎಲ್ಲರೂ ಕಡೆಗಣಿಸಿದ ಪ್ರಾಣಿಯ ಹೊಣೆಯನ್ನು ಅದರ ಕೊನೆಯುಸಿರಿನವರೆಗೂ ಹೊತ್ತ ಕೆಲವರ ಚರಿತ್ರೆ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ನಡೆದಿದೆ. ನಮ್ಮ ಬಸದಿಗಳ, ಗೋಶಾಲೆಗಳ ಧರ್ಮದರ್ಶಿಗಳು ಅದನ್ನು ತಿಳಿಯುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಐರ್ಲೆಂಡಿನ ಗಾಲ್ವೇ ಕ್ಷೇತ್ರದ ಪ್ರತಿನಿಧಿ ರಿಚರ್ಡ್ ಮಾರ್ಟಿನ್ ಎಂಬಾತನ ಪ್ರಯತ್ನದಿಂದ 1822ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪ್ರಾಣಿಹಿಂಸೆಯ ವಿರುದ್ಧ ಒಂದು ಶಾಸನವನ್ನು ಅಂಗೀಕರಿಸಿತು. ಕುದುರೆ, ದನ, ಕುರಿಗಳೊಂದಿಗೆ ಕತ್ತೆಯ ಹೆಸರೂ ಅದರಲ್ಲಿ ಸೇರಿತ್ತು. ತನ್ನ ಕತ್ತೆಯನ್ನು ಹೊಡೆದ ಒಬ್ಬ ಬೀದಿ ವ್ಯಾಪಾರಿಯ ಮೇಲೆ ಮೊಕದ್ದಮೆ ಹೂಡಿದಾಗ, ಮಾರ್ಟಿನ್ ಆ ಕತ್ತೆಯನ್ನೇ ನ್ಯಾಯಾಲಯಕ್ಕೆ ಸಾಕ್ಷಿಯಾಗಿ ಕರೆತಂದನೆಂಬ ಕಥೆ ಪ್ರಸಿದ್ಧವಾಗಿದೆ. 1824ರಲ್ಲಿ ಲಂಡನ್ನಿನ ಒಂದು ಕಾಫಿ ಮನೆಯಲ್ಲಿ ಪ್ರಾಣಿದಯಾ ಸಂಘವೂ ಸ್ಥಾಪಿತವಾಯಿತು. ಆದರೆ ಈ ಕಾಯಿದೆ ಹೊಡೆದವನಿಗೆ ದಂಡ ವಿಧಿಸುತ್ತಿತ್ತೇ ಹೊರತು ಹೊಡೆಸಿಕೊಂಡ ಕತ್ತೆಗೆ ಒಂದು ಕೊಟ್ಟಿಗೆಯನ್ನು ಕಟ್ಟಿಕೊಡಲಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿತ್ತು. 1834ರಲ್ಲಿ ಪಾರಸಿ ವರ್ತಕ ಜಮ್ಶೇಟ್‌ಜೀ ಜೀಜೀಭಾಯಿ ಮೊದಲಾದವರು ಮುಂಬಯಿಯಲ್ಲಿ ಪಾಂಜರಾಪೋಳವನ್ನು ತೆರೆದರು. ಗುಜರಾತಿನಲ್ಲಿಯಂತೂ ಜೈನ ಮಹಾಜನರ ಪಾಂಜರಾಪೋಳಗಳು ಅದಕ್ಕೂ ಹಳೆಯವು. ನಮ್ಮಲ್ಲಿ ಕೊಟ್ಟಿಗೆಯಿತ್ತು, ಆದರೆ ಹೊಡೆಯುವವನನ್ನು ಕೇಳುವವರಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲಿಜಬೆತ್ ಸ್ವೆಂಡ್ಸನ್ ಎಂಬ ಮಹಿಳೆ 1930ರಲ್ಲಿ ಯಾರ್ಕ್‌ಷೈರಿನಲ್ಲಿ ಜನಿಸಿದವರು. ಡೆವನ್ನಿನ ಆಟರಿ ಸೇಂಟ್ ಮೇರಿ ಎಂಬ ಊರಿನಲ್ಲಿ ಹೋಟೆಲು ನಡೆಸುತ್ತಿದ್ದರು. 1969ರಲ್ಲಿ ಅವರು ಒಂದು ಹೆಣ್ಣು ಕತ್ತೆಯನ್ನು ಕೊಂಡರು. ಅದರ ಹೆಸರು ‘ನಾಟಿ ಫೇಸ್’, ನಮ್ಮ ಮಾತಿನಲ್ಲಿ ತುಂಟಮುಖಿ. ಒಳ್ಳೆಯ ತಳಿಯ ಕತ್ತೆಗಳನ್ನು ಬೆಳೆಸಬೇಕೆಂಬುದು ಅಂದಿನ ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಕತ್ತೆ ತಳಿಯ ಸಂಘವೊಂದರ ಸದಸ್ಯರೂ ಆಗಿದ್ದರು. ಹೀಗಿರುವಾಗ ಎಕ್ಸಿಟರ್ ಪಟ್ಟಣದ ಸಂತೆಯಲ್ಲಿ ಒಂದು ಇಕ್ಕಟ್ಟಾದ ದೊಡ್ಡಿಯೊಳಗೆ ಏಳು ಕತ್ತೆಗಳನ್ನು ತುರುಕಿ ನಿಲ್ಲಿಸಿದ್ದುದನ್ನು ಅವರು ಕಂಡರು. ಅವುಗಳಲ್ಲಿ ತೀರ ಹೀನಸ್ಥಿತಿಯಲ್ಲಿದ್ದುದನ್ನು ಕೊಳ್ಳಲು ಮುಂದಾದರು, ಆದರೆ ಅದು ಅವರ ಕೈಗೆ ಸಿಗಲಿಲ್ಲ. ಆ ದಿನದಿಂದ ತಳಿಯ ವಿಚಾರವನ್ನು ಬಿಟ್ಟರು. ಲೋಕದಲ್ಲಿ ಇರುವ ಕತ್ತೆಗಳಿಗೇ ಗತಿಯಿಲ್ಲದಿರುವಾಗ ಹೊಸ ಕತ್ತೆಗಳನ್ನು ಹುಟ್ಟಿಸುವುದೇಕೆ ಎಂಬುದು ಅವರ ನಿರ್ಣಯದ ಸಾರಾಂಶ.

1973ರ ವೇಳೆಗೆ ಅವರ ಆಶ್ರಯದಲ್ಲಿ 38 ಕತ್ತೆಗಳಿದ್ದವು. ಅದೇ ವರ್ಷ ಸಂಸ್ಥೆಯನ್ನು ಧರ್ಮಾದಾಯ ಸಂಸ್ಥೆಯಾಗಿ ನೋಂದಾಯಿಸಿದರು. ಮರುವರ್ಷವೇ ಆ ಪರೀಕ್ಷೆ ಬಂದಿತು. ವಯಲೆಟ್ ಫಿಲ್ಪಿನ್ ಎಂಬ ವೃದ್ಧೆ ತಮ್ಮ ಜೀವಮಾನದಲ್ಲಿ ನಿರ್ಗತಿಕ ಕತ್ತೆಗಳನ್ನು ಸೇರಿಸಿಕೊಂಡು ಸಾಕುತ್ತಿದ್ದರು. 1974ರಲ್ಲಿ ಅವರು ತೀರಿಕೊಂಡಾಗ, ತಮ್ಮಲ್ಲಿದ್ದ 204 ಕತ್ತೆಗಳನ್ನು ಉಯಿಲಿನ ಮೂಲಕ ಸ್ವೆಂಡ್ಸನ್ನರಿಗೆ ಬಿಟ್ಟುಹೋಗಿದ್ದರು.

ನಾನು ವಾಣಿಜ್ಯ ಓದಿದವನು, ಅಂಗಡಿಯ ಖಾತೆ ಕಿರ್ದಿಗಳಲ್ಲಿ ನಲವತ್ತು ವರ್ಷ ಕಳೆದವನು. ಉಯಿಲೆಂದರೆ ಆಸ್ತಿ ಬರುವುದೆಂದು ಜನ ತಿಳಿಯುತ್ತಾರೆ. ಇಲ್ಲಿ ಬಂದದ್ದು ಕೇವಲ ಹೊಣೆ. ಒಳ್ಳೆಯ ಆರೈಕೆಯಿದ್ದರೆ ಕತ್ತೆ 30 ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಅಂದರೆ ಇಂದು ಒಂದು ಮರಿಗತ್ತೆಯನ್ನು ಒಳಗೆ ಬಿಟ್ಟುಕೊಂಡವನು ಮೂವತ್ತು ವರ್ಷದ ಖರ್ಚಿಗೆ ಸಹಿ ಹಾಕಿದಂತೆ. ಹುಲ್ಲು, ಒಣಗಿದ ನೆಲ, ಮಳೆ ತಾಗದ ಸೂರು, ಹಲ್ಲಿನ ಪರೀಕ್ಷೆ, ಜಂತುಹುಳುವಿಗೆ ಔಷಧಿ ಎಲ್ಲವೂ ಆ ಸಹಿಯೊಳಗಿವೆ. 38 ಇದ್ದಲ್ಲಿಗೆ ಒಮ್ಮೆಲೇ 204 ಬಂದರೆ ಹೊಣೆ ಆರು ಪಟ್ಟಿಗೂ ಮಿಗಿಲು. ನನ್ನ ಸಲಹೆ ಕೇಳಿದ್ದರೆ ‘ಬೇಡಿರಮ್ಮಾ’ ಎಂದೇ ಹೇಳುತ್ತಿದ್ದೆನೇನೋ. ಅಢಾವೆ ಪತ್ರಿಕೆಯನ್ನು ಬಲ್ಲ ಯಾವನೂ ಬೇರೆ ಮಾತು ಹೇಳಲಾರನು. ಆಕೆ ಒಪ್ಪಿಕೊಂಡರು. ಅದೇ ಕಾಲದಲ್ಲಿ ಸಂಸ್ಥೆಗೆ ಸಿಡ್‌ಮೌತ್ ಸಮೀಪದ ಸ್ಲೇಡ್ ಹೌಸ್ ಫಾರ್ಮ್ ಎಂಬಲ್ಲಿ ಸ್ಥಿರವಾದ ನೆಲೆಯೂ ದೊರೆಯಿತು. ಇಂದಿಗೂ ‘ಡಾಂಕಿ ಸ್ಯಾಂಕ್ಚುಅರಿ’ಯ ಮುಖ್ಯಸ್ಥಾನ ಅದೇ.

ಆದರೆ ಒಪ್ಪಿಕೊಂಡುದಕ್ಕಿಂತಲೂ ಒಪ್ಪಿಕೊಂಡ ಮೇಲೆ ನಡೆಸಿದ ರೀತಿಯೇ ನನಗೆ ಹೆಚ್ಚು ಮಹತ್ತ್ವದ್ದೆಂದು ತೋರುತ್ತದೆ. ಕರುಣೆಯಿಂದ ಪ್ರಾಣಿಗಳನ್ನು ಕೂಡಿಹಾಕುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ಕೈಲಾಗದಷ್ಟನ್ನು ಕೂಡಿಹಾಕಿ, ಕೊನೆಗೆ ಅನ್ನಪಾನ ನಿರೋಧದ ದೋಷಕ್ಕೆ ತಾವೇ ಗುರಿಯಾಗುತ್ತಾರೆ. ಹಾಗಾಗದಿರಲು ಈ ಜನರು ಕಂಡುಕೊಂಡ ಮುಖ್ಯ ಉಪಾಯವೆಂದರೆ ಸಾಕುಮನೆಗಳ ಪದ್ಧತಿ. ಜಮೀನೂ ಕೊಟ್ಟಿಗೆಯೂ ಇರುವ ಕುಟುಂಬಗಳಿಗೆ, ಸ್ಥಳವನ್ನು ಮೊದಲು ಪರೀಕ್ಷಿಸಿ, ಕತ್ತೆಗಳನ್ನು ಸಾಕಲು ಕೊಡುತ್ತಾರೆ. ಕತ್ತೆಯ ಸ್ವಾಮ್ಯ ಮಾತ್ರ ಸಂಸ್ಥೆಯಲ್ಲಿಯೇ ಉಳಿಯುತ್ತದೆ. ಮೇಲ್ವಿಚಾರಕರು ಬಂದು ನೋಡುತ್ತಾರೆ. ಸಾಕಿದವರಿಗೆ ವಯಸ್ಸಾದರೆ, ಕಷ್ಟ ಬಂದರೆ, ಕತ್ತೆ ಮರಳಿ ಆಶ್ರಯಧಾಮಕ್ಕೆ ಬರುತ್ತದೆ. ಒಂಟಿಯಾಗಿ ಒಂದನ್ನು ಎಂದಿಗೂ ಕೊಡುವುದಿಲ್ಲ, ಜೋಡಿಯಾಗಿಯೇ ಕೊಡುತ್ತಾರೆ. ಕತ್ತೆಗಳು ತಮ್ಮತಮ್ಮಲ್ಲಿ ಗಾಢವಾದ ಗೆಳೆತನ ಬೆಳೆಸುವ ಪ್ರಾಣಿಗಳು. ಜೊತೆಗಾರ ಸತ್ತಾಗ ಉಳಿದುದು ಮೇವು ಬಿಟ್ಟರೆ, ರಕ್ತದಲ್ಲಿ ಕೊಬ್ಬು ಏರಿ ಕೆಲವೇ ದಿನಗಳಲ್ಲಿ ಅದೂ ಸಾಯಬಹುದು. ಆದಕಾರಣ ಸತ್ತ ಕತ್ತೆಯ ದೇಹವನ್ನು ಕೂಡಲೇ ಸಾಗಿಸದೆ, ಜೊತೆಗಾರ ತಾನಾಗಿ ದೂರ ಸರಿಯುವವರೆಗೆ ಅಲ್ಲಿಯೇ ಬಿಡುವ ರೂಢಿಯನ್ನು ಇಟ್ಟುಕೊಂಡಿದ್ದಾರೆ.

ದಯೆಗೆ ಜ್ಞಾನ ಜೊತೆಯಾಗದಿದ್ದರೆ ಏನಾಗುವುದೆಂಬುದಕ್ಕೆ ಕತ್ತೆಯ ಮೇವೇ ಒಳ್ಳೆಯ ಉದಾಹರಣೆ. ಕತ್ತೆಯ ಮೂಲ ಆಫ್ರಿಕಾದ ಒಣ ಪ್ರದೇಶ. ಇಂಗ್ಲೆಂಡಿನ ಹಸಿರು ಹುಲ್ಲುಗಾವಲಿನಲ್ಲಿ ಹೊಟ್ಟೆ ತುಂಬ ಮೇಯಲು ಬಿಟ್ಟರೆ ಅದು ಬೊಜ್ಜು ಬೆಳೆದು, ಗೊರಸಿನೊಳಗೆ ಬಾವು ಬಂದು, ಕಾಲೂರಲಾರದೆ ನರಳುತ್ತದೆ. ಅದಕ್ಕೆ ಬೇಕಾದುದು ಹೆಚ್ಚಾಗಿ ಜವೆಯ ಒಣಹುಲ್ಲು. ಹಸಿನೆಲದಲ್ಲಿ ಗೊರಸು ಸವೆಯದೆ ಬೆಳೆದು ಚಪ್ಪಲಿಯ ತುದಿಯಂತೆ ಮೇಲಕ್ಕೆ ಬಾಗುತ್ತದೆ. ಕೆಲವು ವಾರಗಳಿಗೊಮ್ಮೆ ಅದನ್ನು ಕತ್ತರಿಸಲೇಬೇಕು. ಇನ್ನೊಂದು ತೊಡಕೆಂದರೆ, ಕತ್ತೆ ತನ್ನ ನೋವನ್ನು ಕುದುರೆಯಂತೆ ಹೊರಗೆ ತೋರಿಸಿಕೊಳ್ಳುವುದಿಲ್ಲ. ಅದು ಸುಮ್ಮನೆ ನಿಂತಿದ್ದರೆ ಆರಾಮವಾಗಿದೆ ಎಂದಲ್ಲ. ಇವೆಲ್ಲವನ್ನೂ ಸ್ವೆಂಡ್ಸನ್ನರೂ ಅವರ ವೈದ್ಯರೂ ವರ್ಷಗಟ್ಟಲೆ ನೋಡಿ ಬರೆದಿಟ್ಟರು, ಕತ್ತೆಯ ಚಿಕಿತ್ಸೆಗೆಂದೇ ಕೈಪಿಡಿಯನ್ನು ಪ್ರಕಟಿಸಿದರು. ನಮ್ಮ ಗೋಶಾಲೆಗಳಿಗೆ ಪರ್ವದ ದಿನ ಭಕ್ತರು ಬುಟ್ಟಿ ಬುಟ್ಟಿ ಅನ್ನವನ್ನೂ ಹಿಟ್ಟನ್ನೂ ತಂದು ಸುರಿಯುವುದನ್ನು, ಮರುದಿನ ಹಸುಗಳು ಹೊಟ್ಟೆಯುಬ್ಬರದಿಂದ ಬೀಳುವುದನ್ನು ಬಲ್ಲ ಧರ್ಮದರ್ಶಿಗಳಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಣದ ವಿಚಾರವನ್ನೂ ಹೇಳಬೇಕು. ಸಿಡ್‌ಮೌತಿನಲ್ಲಿ ಕತ್ತೆಗಳನ್ನು ನೋಡಲು ಬರುವವರಿಂದ ಬಹುಕಾಲ ಪ್ರವೇಶಶುಲ್ಕ ತೆಗೆದುಕೊಳ್ಳುವ ಪದ್ಧತಿಯಿರಲಿಲ್ಲ. ಸಂಸ್ಥೆಯ ಆದಾಯದ ಬಹುಭಾಗ ಬರುವುದು ಸತ್ತವರ ಉಯಿಲುಗಳಿಂದ. ಉಯಿಲಿನಿಂದ ಬಂದ ಭಾರವನ್ನು ಉಯಿಲುಗಳೇ ಹೊತ್ತವೆನ್ನಬಹುದು. ಮನುಷ್ಯರು ಹಸಿದಿರುವಾಗ ಕತ್ತೆಗಳಿಗೆ ಇಷ್ಟು ಹಣವೇ ಎಂಬ ಆಕ್ಷೇಪವೂ ಇಂಥ ಸಂಸ್ಥೆಗಳ ಮೇಲೆ ಸಹಜವಾಗಿಯೇ ಬರುತ್ತದೆ. ಪಾಂಜರಾಪೋಳ ನಡೆಸುವವರೂ ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ಸ್ವೆಂಡ್ಸನ್ 1970ರ ದಶಕದಲ್ಲಿಯೇ ಅಂಗವಿಕಲ ಮಕ್ಕಳಿಗೆ ಕತ್ತೆಸವಾರಿ ಮಾಡಿಸುವ ಕಾರ್ಯವನ್ನು ಆರಂಭಿಸಿದರು. ಆದರೆ ಅದು ಆಕ್ಷೇಪಕ್ಕೆ ಪೂರ್ಣ ಉತ್ತರವೆಂದು ನಾನು ಹೇಳಲಾರೆ. ಕತ್ತೆಯನ್ನು ಸಾಕುವುದಕ್ಕೆ ಕತ್ತೆಯ ಹಸಿವೇ ಸಾಕಾದ ಕಾರಣ.

ಒಂದು ವಿಷಯದಲ್ಲಿ ಮಾತ್ರ ನಮ್ಮ ದೃಷ್ಟಿಗೂ ಅವರ ದೃಷ್ಟಿಗೂ ಹೊಂದುವುದಿಲ್ಲ. ವಾಸಿಯಾಗದ ನೋವಿನಿಂದ ನರಳುವ ಕತ್ತೆಗೆ ಅವರ ವೈದ್ಯರು ಚುಚ್ಚುಮದ್ದಿನಿಂದ ಮರಣವನ್ನು ಕೊಡುತ್ತಾರೆ. ಶ್ರಾವಕನಾದವನು ಇದನ್ನು ಒಪ್ಪಲಾರ. ಆದರೆ ಅವರನ್ನು ಟೀಕಿಸುವ ಮುನ್ನ, ನೋವು ಶಮನದ ಔಷಧಿಯೂ ಇಲ್ಲದೆ ತಿಂಗಳುಗಟ್ಟಲೆ ಮಲಗಿದಲ್ಲೇ ಹುಣ್ಣಾಗುವ ಪ್ರಾಣಿಗಳು ನಮ್ಮ ಕೆಲವು ಕೊಟ್ಟಿಗೆಗಳಲ್ಲಿಯೂ ಇವೆ ಎಂಬುದನ್ನು ನೆನೆಯಬೇಕು. ಕೊಲ್ಲುವುದಿಲ್ಲವೆಂದು ವ್ರತ ತೊಟ್ಟವರು ವೈದ್ಯನಿಗೆ ಅವರಿಗಿಂತಲೂ ಹೆಚ್ಚು ಹಣ ಕೊಡಬೇಕಾಗುತ್ತದೆ.

1976ರಲ್ಲಿ ಸ್ವೆಂಡ್ಸನ್ ಪರದೇಶಗಳ ಕತ್ತೆಗಳಿಗಾಗಿ ಇನ್ನೊಂದು ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಇಥಿಯೋಪಿಯಾ, ಕೀನ್ಯಾ, ಈಜಿಪ್ಟ್, ಮೆಕ್ಸಿಕೋಗಳಲ್ಲಿ ಕೆಲಸ ನಡೆಯಿತು. ಇಲ್ಲಿ ಪದ್ಧತಿಯೇ ಬೇರೆ. ಡೆವನ್ನಿನಲ್ಲಿ ಕತ್ತೆಯನ್ನು ಒಡೆಯನಿಂದ ಬಿಡಿಸಿ ತರಬಹುದು. ಇಥಿಯೋಪಿಯಾದಲ್ಲಿ ನೀರು ಹೊರುವ ಕತ್ತೆಯನ್ನು ಬಿಡಿಸಿದರೆ ಆ ಹೊರೆ ಮನೆಯ ಹೆಣ್ಣುಮಕ್ಕಳ ತಲೆಗೇರುತ್ತದೆ. ಆದ್ದರಿಂದ ಕತ್ತೆಯನ್ನು ಒಡೆಯನಲ್ಲಿಯೇ ಬಿಟ್ಟು, ಹುಳುವಿಗೆ ಔಷಧಿ ಕೊಟ್ಟು, ಗಾಯಕ್ಕೆ ಮದ್ದು ಹಚ್ಚಿ, ಬೆನ್ನು ಉಜ್ಜದಂತೆ ಮೆತ್ತೆ ಹೊಲಿಯುವುದನ್ನು ಕಲಿಸಿದರು. ಸ್ವೆಂಡ್ಸನ್ 2011ರಲ್ಲಿ ನಿಧನರಾದರು. ಈಚಿನ ವರ್ಷಗಳಲ್ಲಿ ಈ ಜನರ ಮುಂದೆ ಹೊಸದೊಂದು ಸಂಕಟ ನಿಂತಿದೆ. ಚೀನಾದ ಒಂದು ಸಾಂಪ್ರದಾಯಿಕ ಔಷಧಿಗೆ ಕತ್ತೆಯ ಚರ್ಮದ ಅಂಟು ಬೇಕಾಗಿ, ಆಫ್ರಿಕಾದಲ್ಲಿ ಕತ್ತೆಗಳ ಕಳವೂ ವಧೆಯೂ ಹೆಚ್ಚಿತು. 2024ರ ಫೆಬ್ರವರಿಯಲ್ಲಿ ಆಫ್ರಿಕಾದ ರಾಷ್ಟ್ರಗಳ ಒಕ್ಕೂಟವು ಚರ್ಮಕ್ಕಾಗಿ ಕತ್ತೆಗಳನ್ನು ಕೊಲ್ಲುವುದನ್ನು ನಿಷೇಧಿಸಲು ನಿರ್ಣಯಿಸಿತು.

ನಮ್ಮ ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 3.2 ಲಕ್ಷದಷ್ಟಿದ್ದ ಕತ್ತೆಗಳು 2019ರಲ್ಲಿ 1.2 ಲಕ್ಷಕ್ಕೆ ಇಳಿದವು. ಉಳಿದವುಗಳಲ್ಲಿ ಬಹಳಷ್ಟು ಉತ್ತರ ಭಾರತದ ಇಟ್ಟಿಗೆ ಗೂಡುಗಳಲ್ಲಿ ದುಡಿಯುತ್ತವೆ. ಸಿಡ್‌ಮೌತಿನ ಸಂಸ್ಥೆಯ ವೈದ್ಯರು ದೆಹಲಿ, ಅಹಮದಾಬಾದುಗಳ ಸುತ್ತಣ ಗೂಡುಗಳಲ್ಲಿ ಸಂಚಾರಿ ಚಿಕಿತ್ಸೆಯನ್ನು ನಡೆಸಿದ್ದುಂಟು. ಗೂಡಿನಲ್ಲಿ ಕತ್ತೆಯವನಿಗೆ ಕೂಲಿ ದೊರೆಯುವುದು ದಿನಕ್ಕೆ ಇಷ್ಟೆಂದಲ್ಲ, ಸಾಗಿಸಿದ ಸಾವಿರ ಇಟ್ಟಿಗೆಗೆ ಇಷ್ಟೆಂದು. ಮೆತ್ತೆ ಹೊಲಿಯಲು ಕಲಿತವನೂ, ಗಾಯಕ್ಕೆ ಮದ್ದು ಹಚ್ಚುವವನೂ, ಸಂಜೆಯ ಲೆಕ್ಕ ಕಡಿಮೆ ಬೀಳುವುದೆಂದು ಇನ್ನೂ ನಾಲ್ಕು ಇಟ್ಟಿಗೆಗಳನ್ನು ಮೇಲೆ ಇಡುತ್ತಾನೆ. ಆ ಸಾವಿರದ ದರವನ್ನು ಗೊತ್ತುಮಾಡುವವರು ಗೂಡಿನ ಮಾಲೀಕರು. ಆ ಇಟ್ಟಿಗೆಯನ್ನು ಕೊಳ್ಳುವವರಲ್ಲಿ ಮನೆ ಕಟ್ಟಿಸುವ ನಾವೂ, ಧರ್ಮಛತ್ರ ಕಟ್ಟಿಸುವ ನಮ್ಮ ಟ್ರಸ್ಟುಗಳೂ ಇದ್ದೇವೆ.