ಜಾನುವಾರು ಸಾಕಣೆಯ ಹಸಿರುಮನೆ ಅನಿಲಗಳ ಮಾಪನ: ಕುಳಗಿ ಸೀಮೆಯ ನೆಲೆಯಿಂದ

ದನ, ಎಮ್ಮೆ, ಕುರಿ, ಮೇಕೆಗಳ ಹೊಟ್ಟೆಯಲ್ಲಿ ಹುಟ್ಟುವ ಮೀಥೇನ್, ಅವುಗಳ ಸಗಣಿ–ಗಂಜಲದಿಂದ ಏಳುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್, ಇವಿಷ್ಟನ್ನು ವರ್ಷಕ್ಕೆ ಇಂತಿಷ್ಟು ಎಂದು ಲೆಕ್ಕ ಹಿಡಿಯುವ ಕೆಲಸಕ್ಕೆ ಜಾನುವಾರು ಹೊರಸೂಸುವಿಕೆಯ ಮಾಪನ ಎನ್ನುತ್ತಾರೆ. ಮಾಪನ ಎಂಬ ಹೆಸರಿದ್ದರೂ ದೇಶದ ಅಂಕಿಅಂಶಗಳಲ್ಲಿ ಕಾಣುವ ಮೊತ್ತವನ್ನು ಯಾರೂ ನೇರವಾಗಿ ಅಳೆದಿರುವುದಿಲ್ಲ. ತಲೆ ಎಣಿಕೆಯನ್ನು ಒಂದು ಗುಣಕದಿಂದ ಗುಣಿಸಿ ಅದನ್ನು ಪಡೆಯಲಾಗುತ್ತದೆ. ಆದ್ದರಿಂದ ಇಡೀ ಲೆಕ್ಕದ ಸತ್ಯ ಆ ಗುಣಕದಲ್ಲಿ ಅಡಗಿದೆ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯ ಕುಳಗಿ, ಅದರ ಸುತ್ತಣ ಹಳಿಯಾಳ, ಜೋಯಿಡಾ, ಯಲ್ಲಾಪುರ, ಮುಂಡಗೋಡ ತಾಲೂಕುಗಳು ಈ ಮಾತನ್ನು ಪರೀಕ್ಷಿಸಲು ಒಳ್ಳೆಯ ನೆಲೆ. ಕಾಡಿನಲ್ಲಿ ಮೇಯುವ ಎಮ್ಮೆ, ಗಿಡ್ಡ ತಳಿಯ ಆಕಳು, ಹಿಂಡಿ ತಿಂದು ಡೇರಿಗೆ ಹಾಲು ಕೊಡುವ ಮಿಶ್ರತಳಿಯ ಹಸು ಮೂರೂ ಇಲ್ಲಿವೆ. ಮೂರಕ್ಕೂ ಒಂದೇ ಅಳತೆಗೋಲು ಹಿಡಿದರೆ ಬರುವ ಉತ್ತರ ತಪ್ಪು ಎಂಬುದು ಈ ಲೇಖನದ ವಾದ.

ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಒಡೆಯುವಾಗ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತವೆ. ಆರ್ಕಿಯ ಎಂಬ ಇನ್ನೊಂದು ಬಗೆಯ ಜೀವಿಗಳು ಇವೆರಡನ್ನೂ ಕೂಡಿಸಿ ಮೀಥೇನ್ ಮಾಡುತ್ತವೆ. ಅದರ ಬಹುಪಾಲು ತೇಗು ಮತ್ತು ಉಸಿರಿನ ಮೂಲಕ ಬಾಯಿ–ಮೂಗಿನಿಂದಲೇ ಹೊರಬೀಳುತ್ತದೆ. ಇದನ್ನು ನೇರವಾಗಿ ಅಳೆಯುವ ಖಚಿತ ವಿಧಾನ ಉಸಿರಾಟದ ಕೋಣೆ: ಪ್ರಾಣಿಯನ್ನು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ, ಒಳಹೋಗುವ ಮತ್ತು ಹೊರಬರುವ ಗಾಳಿಯ ವ್ಯತ್ಯಾಸ ನೋಡುವುದು. ಮೇಯುವ ಪ್ರಾಣಿಗೆ ಇದು ಒಗ್ಗದು. ಅದಕ್ಕಾಗಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1994ರಲ್ಲಿ ಬೇರೊಂದು ಉಪಾಯವನ್ನು ಪ್ರಕಟಿಸಿದರು. ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವನ್ನು ತಿಳಿದ ವೇಗದಲ್ಲಿ ಸೋರಿಸುವ ಪುಟ್ಟ ಕೊಳವೆಯನ್ನು ಪ್ರಾಣಿಯ ಹೊಟ್ಟೆಗೆ ಇಳಿಸುತ್ತಾರೆ. ಮುಖದಾಣಕ್ಕೆ ಕಟ್ಟಿದ ಸಣ್ಣ ನಳಿಕೆ ಮೂಗಿನ ಬಳಿಯ ಗಾಳಿಯನ್ನು ದಿನವಿಡೀ ನಿರ್ವಾತ ಡಬ್ಬಿಗೆ ಎಳೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಎರಡು ಅನಿಲಗಳು ಯಾವ ಪ್ರಮಾಣದಲ್ಲಿವೆ ಎಂದು ನೋಡಿದರೆ ಮೀಥೇನಿನ ಲೆಕ್ಕ ಸಿಗುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಈ ವಿಧಾನವನ್ನು ಬಳಸಿ ಕೆಲಸ ಮಾಡಿದೆ. ಟ್ಯಾನಿನ್ ಇರುವ ಸಸ್ಯಮೂಲಗಳಿಂದ ಮೀಥೇನ್ ತಗ್ಗಿಸುವ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ರೂಪಿಸಿದ್ದೂ ಇದೇ ಸಂಸ್ಥೆ.

ಕೋಟಿಗಟ್ಟಲೆ ಪ್ರಾಣಿಗಳ ಮೂಗಿಗೆ ನಳಿಕೆ ಕಟ್ಟಲಾಗದು. 2019ರ ಜಾನುವಾರು ಗಣತಿಯಲ್ಲಿ ದೇಶದ ದನಗಳೇ 19 ಕೋಟಿಗೂ ಹೆಚ್ಚು, ಎಮ್ಮೆ–ಕೋಣಗಳು ಸುಮಾರು 11 ಕೋಟಿ. ಹಾಗಾಗಿ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ (ಐಪಿಸಿಸಿ) ಮೂರು ಮೆಟ್ಟಿಲುಗಳ ವಿಧಾನ ಕೊಟ್ಟಿದೆ. ಮೊದಲ ಮೆಟ್ಟಿಲಿನಲ್ಲಿ ಸಿದ್ಧ ಗುಣಕ. 2006ರ ಮಾರ್ಗಸೂಚಿಯಂತೆ ಭಾರತ ಉಪಖಂಡದ ಹಾಲಿನ ಹಸು ವರ್ಷಕ್ಕೆ 58 ಕಿಲೊ, ಇತರ ದನ 27 ಕಿಲೊ, ಎಮ್ಮೆ 55 ಕಿಲೊ ಮೀಥೇನ್ ಬಿಡುತ್ತದೆ. ಎರಡನೆಯ ಮೆಟ್ಟಿಲಿನಲ್ಲಿ ಪ್ರಾಣಿಯ ತೂಕ, ಹಾಲು, ಮೇವಿನ ಗುಣ ನೋಡಿ ಆಯಾ ದೇಶವೇ ಗುಣಕ ಕಟ್ಟಿಕೊಳ್ಳುತ್ತದೆ. ಮೂರನೆಯದು ಇನ್ನೂ ಸೂಕ್ಷ್ಮವಾದ ಮಾದರಿ. ಭಾರತ ತನ್ನ ರಾಷ್ಟ್ರೀಯ ವರದಿಗಳಿಗೆ ಕಟ್ಟಿಕೊಂಡ ಗುಣಕಗಳಲ್ಲಿ ಹಾಲು ಕೊಡುವ ದೇಶಿ ಹಸುವಿಗೆ 28 ಕಿಲೊ, ಮಿಶ್ರತಳಿಗೆ 43, ಹಾಲಿನ ಎಮ್ಮೆಗೆ 50. ದೇಶಿ ಹಸುವಿನ ವಿಷಯದಲ್ಲಿ ಮೊದಲ ಮೆಟ್ಟಿಲಿನ ಉತ್ತರಕ್ಕೂ ಎರಡನೆಯದಕ್ಕೂ ಒಂದಕ್ಕೆರಡು ಅಂತರ. ಹಸು ಅದೇ, ಮೇವೂ ಅದೇ. ಬದಲಾದದ್ದು ಲೆಕ್ಕದ ವಿಧಾನ ಮಾತ್ರ.

ಮಲೆನಾಡು ಗಿಡ್ಡವನ್ನೇ ತೆಗೆದುಕೊಳ್ಳೋಣ. ಐಪಿಸಿಸಿಯ 58 ಕಿಲೊ ಗುಣಕದ ಹಿಂದಿರುವ ಕಲ್ಪಿತ ಹಸುವಿನ ತೂಕ 275 ಕಿಲೊ. ಗಿಡ್ಡ ಆಕಳು ಒಂದೂವರೆ ಕ್ವಿಂಟಲ್ ದಾಟುವುದು ವಿರಳ. 120 ಕಿಲೊ ತೂಗುವ ಆಕಳು ದಿನಕ್ಕೆ 3 ಕಿಲೊ ಒಣಪದಾರ್ಥ ತಿನ್ನುತ್ತದೆ ಎಂದು ಇಟ್ಟುಕೊಂಡರೆ, ಕಿಲೊಗೆ 18.45 ಮೆಗಾಜೂಲ್ ಲೆಕ್ಕದಲ್ಲಿ ಒಳಹೋಗುವ ಶಕ್ತಿ ಸುಮಾರು 55 ಮೆಗಾಜೂಲ್. ಅದರಲ್ಲಿ ಶೇ 6.5ರಷ್ಟು ಮೀಥೇನಾಗಿ ಹೋಗುತ್ತದೆ ಎಂಬ ಐಪಿಸಿಸಿಯ ಸೂತ್ರವನ್ನೇ ಹಿಡಿದು, ಒಂದು ಕಿಲೊ ಮೀಥೇನಿಗೆ 55.65 ಮೆಗಾಜೂಲಿನಂತೆ ಭಾಗಿಸಿದರೆ ದಿನಕ್ಕೆ 65 ಗ್ರಾಂ, ವರ್ಷಕ್ಕೆ ಸುಮಾರು 24 ಕಿಲೊ ಬರುತ್ತದೆ. ಇದು ಅಳೆದದ್ದಲ್ಲ, ಸೂತ್ರದ ಲೆಕ್ಕ. ಆದರೂ ಸಿದ್ಧ ಗುಣಕ ಎಷ್ಟು ದೂರ ಹೋಗುತ್ತದೆಂದು ತೋರಿಸಲು ಸಾಕು.

ಗೌಳಿಗಳ ಎಮ್ಮೆಯ ಲೆಕ್ಕ ಇನ್ನೂ ತೊಡಕಿನದು. ತಲೆಮಾರುಗಳ ಹಿಂದೆ ಮಹಾರಾಷ್ಟ್ರದ ಕಡೆಯಿಂದ ಘಟ್ಟದ ಗುಂಟ ಬಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಾಡುಗಳಲ್ಲಿ ನೆಲೆಸಿದ ಈ ಧನಗರ ಗೌಳಿಗಳ ಬದುಕು ಎಮ್ಮೆಯ ಮೇಲೆ ನಿಂತದ್ದು. ಮಾಧವ ಗಾಡ್ಗೀಳ್ ಮತ್ತು ಕೈಲಾಶ್ ಮಲ್ಹೋತ್ರಾ 1982ರಲ್ಲಿ ಪ್ರಕಟಿಸಿದ ಗೌಳಿ ಧನಗರರ ಅಧ್ಯಯನ ಈ ಬದುಕಿಗೂ ಕಾಡಿಗೂ ಇರುವ ನಂಟನ್ನು ವಿವರಿಸಿದೆ. ಮಳೆಗಾಲದಲ್ಲಿ ಎಳೆಹುಲ್ಲು, ಬೇಸಿಗೆಯಲ್ಲಿ ಒಣಗಿದ ಕರಡ ಮತ್ತು ಭತ್ತದ ಹುಲ್ಲು. ನಾರು ಹೆಚ್ಚಿದಷ್ಟೂ ಜೀರ್ಣವಾದ ಪ್ರತಿ ಕಿಲೊ ಮೇವಿಗೆ ಮೀಥೇನ್ ಹೆಚ್ಚು, ಆದರೆ ಒಣಮೇವನ್ನು ಪ್ರಾಣಿ ತಿನ್ನುವುದೇ ಕಡಿಮೆ. ಎರಡೂ ಒಂದರ ವಿರುದ್ಧ ಒಂದು ಎಳೆಯುವುದರಿಂದ ಆಷಾಢದಲ್ಲಿ ಅಳೆದ ಅಂಕಿಯನ್ನು 365ರಿಂದ ಗುಣಿಸಿದರೆ ಚೈತ್ರ–ವೈಶಾಖದ ಎಮ್ಮೆ ಅದರಲ್ಲಿ ಇರುವುದಿಲ್ಲ. ಸಗಣಿಯದೂ ಇದೇ ಕಥೆ: ಕಾಡಿನಲ್ಲಿ ಬಿದ್ದು ಒಣಗಿದ ಸಗಣಿ ಅಲ್ಪ ಮೀಥೇನ್ ಬಿಡುತ್ತದೆ, ನೀರು ನಿಂತ ಗುಂಡಿಯಲ್ಲಿ ಕೊಳೆತದ್ದು ಬಹಳ ಹೆಚ್ಚು. ಪಕ್ಕದ ಶಿರಸಿ ತಾಲೂಕಿನ ಗೋಬರ್ ಗ್ಯಾಸ್ ಸ್ಥಾವರಗಳು ಹೆಚ್ಚುಕಡಿಮೆ ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು 2001ರಲ್ಲಿ ದಾಖಲಿಸಿದರು. ಅಂಥ ಮನೆಯ ಸಗಣಿಯ ಮೀಥೇನ್ ಒಲೆಯಲ್ಲಿ ಉರಿದು ಹೋಗುತ್ತದೆ.

ಎಲ್ಲ ದನಕ್ಕೂ ಒಂದೇ ಅಳತೆಗೋಲು ಸಲ್ಲದೆಂಬ ಈ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಹಾಲಿನದು. ವರ್ಷಕ್ಕೆ 2,400 ಲೀಟರ್ ಕೊಡುವ ಮಿಶ್ರತಳಿಯ ಹಸು 43 ಕಿಲೊ ಮೀಥೇನ್ ಬಿಟ್ಟರೂ ಲೀಟರಿಗೆ 18 ಗ್ರಾಂ ಆಯಿತು. 600 ಲೀಟರ್ ಕೊಡುವ ದೇಶಿ ಹಸುವಿನ 28 ಕಿಲೊ ಲೀಟರಿಗೆ 47 ಗ್ರಾಂ. ಹಾಗಾದರೆ ಕಾಡಿನ ದನವೇ ಹೆಚ್ಚು ಹಾನಿಕರವಲ್ಲವೇ? ಗಣಿತ ಸರಿ, ಛೇದ ಸರಿಯಲ್ಲ. ದೇಶಿ ದನ ಹಾಲಿನ ಜೊತೆ ಗೊಬ್ಬರ, ಹೋರಿಕರುಗಳನ್ನೂ ಕೊಡುತ್ತದೆ. ಪೂರ್ತಿ ಅನಿಲವನ್ನು ಹಾಲಿನ ತಲೆಗೇ ಕಟ್ಟುವುದು ನ್ಯಾಯವಲ್ಲ. ಮಿಶ್ರತಳಿ ತಿನ್ನುವ ಗೋವಿನಜೋಳಕ್ಕೆ ಹಾಕಿದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್ ರಾಷ್ಟ್ರೀಯ ಪಟ್ಟಿಯಲ್ಲಿ ಕೃಷಿಭೂಮಿಯ ಖಾತೆಗೆ ಹೋಗುತ್ತದೆ, ಹಸುವಿನ ಖಾತೆಗಲ್ಲ. ಕಾಡಿನ ಹುಲ್ಲಿಗೆ ಯಾರೂ ಯೂರಿಯಾ ಹಾಕಿಲ್ಲ. ಇನ್ನೊಂದು ಮಾತೂ ಉಂಟು: ಲೀಟರಿನ ಲೆಕ್ಕ ಇಳಿದರೂ ಹಸುಗಳ ಸಂಖ್ಯೆ ಏರಿದರೆ ವಾತಾವರಣಕ್ಕೆ ಲಾಭವಿಲ್ಲ. 2012ರಿಂದ 2019ರೊಳಗೆ ದೇಶದ ವಿದೇಶಿ–ಮಿಶ್ರತಳಿ ದನಗಳು ಸುಮಾರು ಶೇ 27ರಷ್ಟು ಹೆಚ್ಚಿದವು, ದೇಶಿ ದನಗಳು ಶೇ 6ರಷ್ಟು ಇಳಿದವು.

ಎದುರು ದಿಕ್ಕಿನಿಂದಲೂ ಒಂದು ಆಕ್ಷೇಪವಿದೆ. ಹುಲ್ಲು ಹೀರಿದ ಇಂಗಾಲವೇ ದನದಿಂದ ಹೊರಬರುವುದು, ಅದನ್ನು ಎಣಿಸುವುದೇಕೆ ಎನ್ನುತ್ತಾರೆ. ಇದನ್ನು ಒಪ್ಪಲಾಗದು. ಡೈಆಕ್ಸೈಡಾಗಿ ಒಳಹೋದ ಇಂಗಾಲ ಮೀಥೇನಾಗಿ ಹೊರಬಂದರೆ ನೂರು ವರ್ಷದ ಲೆಕ್ಕದಲ್ಲಿ ತೂಕಕ್ಕೆ ತೂಕ ಸುಮಾರು 27 ಪಟ್ಟು ಹೆಚ್ಚು ಕಾವು ಹಿಡಿಯುತ್ತದೆ. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಹತ್ತು–ಹನ್ನೆರಡು ವರ್ಷ ಎಂಬುದು ನಿಜ. ಆದ್ದರಿಂದ ಸಂಖ್ಯೆ ಏರದ ಹಿಂಡು ಹೊಸ ತಾಪವನ್ನು ಸೇರಿಸುವುದು ಕಡಿಮೆ. ಆದರೆ ಅದೇ ಕಾರಣಕ್ಕೆ ಮೀಥೇನ್ ತಗ್ಗಿಸಿದರೆ ಫಲ ಬೇಗ ಸಿಗುತ್ತದೆ. ಎಣಿಸಲೇಬೇಕು, ಸರಿಯಾಗಿ ಎಣಿಸಬೇಕು.

ವಿಧಾನ ಬದಲಾದರೆ ಉತ್ತರ ಬದಲಾಗುವುದು ಜಗತ್ತಿನ ಮಟ್ಟದಲ್ಲೂ ಕಂಡಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮನುಷ್ಯರ ಚಟುವಟಿಕೆಯಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಜಾನುವಾರುಗಳ ಪಾಲನ್ನು 2006ರಲ್ಲಿ ಶೇ 18, 2013ರಲ್ಲಿ ಶೇ 14.5, 2023ರಲ್ಲಿ ಶೇ 12 ಎಂದಿತು.

ಸೂಕ್ಷ್ಮ ಲೆಕ್ಕಕ್ಕೆ ಖರ್ಚು ಹೆಚ್ಚೆಂಬ ಮಾತು ಪ್ರಯೋಗಾಲಯದ ಮಟ್ಟಿಗೆ ಸರಿ, ಎರಡನೆಯ ಮೆಟ್ಟಿಲಿಗೆ ಸಲ್ಲದು. ಎದೆಸುತ್ತನ್ನು ಇಂಚಿನಲ್ಲಿ ಅಳೆದು ವರ್ಗ ಮಾಡಿ, ಮೈಯುದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ದನದ ತೂಕ ಕಿಲೊದಲ್ಲಿ ಸಿಗುತ್ತದೆ. ಪಶುವೈದ್ಯರಿಗೆ ಇದು ದಿನನಿತ್ಯದ ಸೂತ್ರ. ಗಣತಿಯಲ್ಲಿ ತಳಿವಾರು ಎಣಿಕೆ ಈಗಾಗಲೇ ನಡೆಯುತ್ತಿದೆ. ಅರ್ಧಚಂದ್ರದ ಕೊಂಬಿನ ಧಾರವಾಡಿ ಎಮ್ಮೆಗೂ ಈಗ ಪ್ರತ್ಯೇಕ ತಳಿಯ ಮಾನ್ಯತೆ ಇದೆ. ಎಣಿಕೆಯ ಜೊತೆಗೆ ಈ ನಾಲ್ಕು ತಾಲೂಕುಗಳ ಪಶು ಆಸ್ಪತ್ರೆಗಳು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಒಂದಷ್ಟು ಗೌಳಿವಾಡಗಳಲ್ಲಿ ತೂಕ, ಹಾಲು, ಮೇವು, ಸಗಣಿಯ ವಿಲೇವಾರಿ ಬರೆದುಕೊಳ್ಳಬೇಕು. ಅಷ್ಟಾಗುವವರೆಗೆ ಕುಳಗಿ ಸೀಮೆಯ ಎಮ್ಮೆ–ಆಕಳುಗಳ ಮೇಲೆ ಸಿದ್ಧ ಗುಣಕದ ಅಂಕಿ ಹೊರಿಸಿ ಯಾವ ನೀತಿಯನ್ನೂ ಮಾಡಕೂಡದು.